ಕಾನ್ವಿ ಕೋಟೆಗೆ ಅತ್ತೆಯ ಮುತ್ತಿಗೆ

ವೇಲ್ಸ್‌ನ ಕಾನ್ವಿ ಕೋಟೆಯನ್ನು ಕಟ್ಟಿಸಿದ್ದು ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್. ಕೆಲಸ ಶುರುವಾಗಿದ್ದು 1283ರಲ್ಲಿ. ಬಂಡೆಯ ಮೇಲೆ ಎಂಟು ದಪ್ಪ ದಪ್ಪ ಬುರುಜು. ಶತ್ರುಗಳಿಗೆಂದು ಮಾಡಿದ ಆ ಏರ್ಪಾಡು ಟಿಕೆಟ್ ತೆಗೆದುಕೊಂಡು ಬಂದವರನ್ನೂ ಬಿಡುವುದಿಲ್ಲ ಅನ್ನೋದು ಊರಿಂದ ಬಂದಿದ್ದ ಅತ್ತೆಯನ್ನು ಕರೆದುಕೊಂಡು ಹೋದಾಗ ಗೊತ್ತಾಯಿತು.

ಬಾಗಿಲಲ್ಲೇ ಮೊದಲ ಪೆಟ್ಟು. ಮೇಲೆ ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲಿನ ಕಿಂಡಿಗಳಿವೆ, ಕೆಳಗೆ ನಿಂತವನ ನೆತ್ತಿಗೇ ಕಲ್ಲು ಹಾಕಲಿಕ್ಕೆ. ಮಳೆ ಆಗಷ್ಟೇ ನಿಂತಿತ್ತು. ನಮ್ಮನೆಯವರು ಕತ್ತೆತ್ತಿ "ಇಲ್ಲಿಂದಾನೇ ನೋಡಮ್ಮಾ" ಅನ್ನುವಷ್ಟರಲ್ಲಿ ಅಲ್ಲಿ ನಿಂತಿದ್ದ ನೀರು ಸರಿಯಾಗಿ ಕನ್ನಡಕದ ಮೇಲೆ ಬಿತ್ತು. ಕಾದ ಎಣ್ಣೆ ಸುರಿಯೋದೆಲ್ಲ ಸಿನಿಮಾದಲ್ಲೇ ಜಾಸ್ತಿ, ಆಗ ಎಣ್ಣೆ ದುಬಾರಿ, ಹೆಚ್ಚಾಗಿ ಕಲ್ಲು, ಬಿಸಿನೀರು ಅಷ್ಟೇ ಅಂತ ಒರೆಸಿಕೊಳ್ಳುತ್ತಲೇ ಪಾಠ ಮುಂದುವರಿಸಿದರು. ಅತ್ತೆಗೆ ಇದು ಸರಿ ಅನ್ನಿಸಿತು. "ಮತ್ತೆ? ನಾವು ಹಪ್ಪಳ ಕರಿದ ಎಣ್ಣೆಯನ್ನೇ ಎತ್ತಿಡ್ತೀವಿ."

ಆಮೇಲೆ ಬುರುಜಿನ ಸುರುಳಿ ಮೆಟ್ಟಿಲು. ಇಂಥವು ಹೆಚ್ಚಾಗಿ ಹತ್ತುವಾಗ ಬಲಕ್ಕೆ ತಿರುಗುತ್ತವೆ. ಇಳಿಯುವ ಸೈನಿಕನ ಬಲಗೈಗೆ ಕತ್ತಿ ಬೀಸಲು ಜಾಗ ಸಿಗುತ್ತದೆ, ಹತ್ತುವವನ ಕತ್ತಿ ನಡುಗಂಬಕ್ಕೆ ತಾಗುತ್ತದೆ ಅಂತ ಹೇಳುತ್ತಾರೆ. ಈಗಿನ ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಅವರು ನಮ್ಮತ್ತೆಯ ಹಿಂದೆ ಹತ್ತಿ ನೋಡಲಿ! ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಗೋಡೆ, ಹೆಗಲಿಗೆ ಚಿತ್ರಾನ್ನದ ಡಬ್ಬಿಯ ಬ್ಯಾಗು. ಅರ್ಧ ದಾರಿಯಲ್ಲಿ ಮೇಲಿಂದ ಒಬ್ಬ ಭಾರೀ ಗಾತ್ರದ ಮಹಾಶಯ ಇಳಿದು ಬಂದ. "ಸಾರಿ" ಅಂದ. ಅತ್ತೆಯೂ "ಸಾರಿ" ಅಂದರು. ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ಹಿಮ್ಮೆಟ್ಟಿದ್ದು ನಮ್ಮ ಸೇನೆಯೇ: ಅತ್ತೆ, ನಾನು, ನನ್ನ ಹಿಂದೆ ಮಗ, ಅವನ ಹಿಂದೆ ಪರಿಚಯವೇ ಇಲ್ಲದ ಒಂದು ಜರ್ಮನ್ ಸಂಸಾರ, ಎಲ್ಲರೂ ಕತ್ತಲಲ್ಲಿ ಕಾಲಿಂದ ಮೆಟ್ಟಿಲು ತಡಕುತ್ತಾ ಹಿಂದು ಹಿಂದಕ್ಕೆ.

ಇಷ್ಟೆಲ್ಲ ಇದ್ದೂ ಕೋಟೆ ಬಿತ್ತು. 1401ರ ಏಪ್ರಿಲ್ 1, ಗುಡ್ ಫ್ರೈಡೇ. ಕಾವಲಿನವರು ಹೆಚ್ಚುಕಮ್ಮಿ ಎಲ್ಲರೂ ಚರ್ಚಿಗೆ ಹೋಗಿದ್ದರು. ಬಾಗಿಲಿಗೆ ಒಬ್ಬ ಬಡಗಿ ಬಂದ, ಕೆಲಸಕ್ಕೆ ಬಂದಿದ್ದೀನಿ ಅಂದ, ಒಳಗೆ ಬಿಟ್ಟರು. ಉಳಿದಿದ್ದ ಇಬ್ಬರು ಕಾವಲುಗಾರರ ಕಥೆ ಮುಗಿಯಿತು, ರೀಸ್ ಮತ್ತು ಗ್ವಿಲಿಮ್ ಅನ್ನೋ ವೇಲ್ಸ್‌ನ ಅಣ್ಣತಮ್ಮಂದಿರ ತಂಡ ಒಳಗೆ ನುಗ್ಗಿತು.

ಊರಲ್ಲಿ ಅತ್ತೆಯ ಅಡುಗೆಮನೆ ಕಪಾಟಿನ ಬಾಗಿಲು ಯುಗಾದಿಯಿಂದ ಗೋಡೆಗೊರಗಿ ನಿಂತಿದೆ. ಕಥೆ ಕೇಳಿ ಮಗನ ಮುಖ ನೋಡಿದರು.

"ಹಬ್ಬದ ದಿನ ಬಡಗಿ ತಾನಾಗೇ ಕೆಲಸಕ್ಕೆ ಬಂದ ಅಂದ್ರೆ ಅಲ್ಲೇ ಅನುಮಾನ ಬರಬೇಕಿತ್ತು ಕಣೋ."