ಶಾಲು ಬೇಡ, ಒಂದು ಮಧ್ಯಾಹ್ನ ಕೊಡಿ

ನಮ್ಮವರಿಗೆ ಸಮ್ಮೇಳನ ಆರಂಭಿಸುವುದು ಚೆನ್ನಾಗಿ ಗೊತ್ತು, ಹೊತ್ತಿಗೆ ಸರಿಯಾಗಿ ಮುಗಿಸುವುದು ಗೊತ್ತಿಲ್ಲ. ವಿಯೆನ್ನಾಕ್ಕೆ ಹೋಗಿಬಂದಾಗಲೆಲ್ಲ ನನಗೆ ಹೀಗೆ ಅನಿಸುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಡೆಯುವ ಸಮ್ಮೇಳನಕ್ಕೆ ಬಂದಾಗ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ನಾನಿರುವುದು ಜರ್ಮನಿಯ ನ್ಯೂರ್ನ್‌ಬರ್ಗ್‌ನಲ್ಲಿ. ಸ್ಕ್ಯಾನಿಂಗ್ ಯಂತ್ರಗಳ ತಂತ್ರಾಂಶ ನನ್ನ ಹೊಟ್ಟೆಪಾಡು. ಹಾಗಾಗಿ ಚಳಿಗಾಲದ ಕೊನೆಗೆ ಯುರೋಪಿನ ರೇಡಿಯಾಲಜಿ ತಜ್ಞರ ಸಮ್ಮೇಳನಕ್ಕೆಂದು ಪಸ್ಸಾವ್, ಲಿಂಟ್ಸ್ ದಾರಿಯಾಗಿ ರೈಲಿನಲ್ಲಿ ವಿಯೆನ್ನಾಕ್ಕೆ ಹೋಗುವುದುಂಟು. ಯು1 ಮೆಟ್ರೊದಲ್ಲಿ ಡ್ಯಾನ್ಯೂಬ್ ದಾಟಿ ಇಳಿದರೆ ಒಂದೆಡೆ ವಿಶ್ವಸಂಸ್ಥೆಯ ಬಾಗಿದ ಕಟ್ಟಡಗಳು, ಪಕ್ಕದಲ್ಲೇ ಸಮ್ಮೇಳನ ನಡೆಯುವ ಆಸ್ಟ್ರಿಯಾ ಸೆಂಟರ್. ಉದ್ಘಾಟನೆ ಅಲ್ಲಿಯೂ ಇದೆ, ಆಡಂಬರಕ್ಕೂ ಕೊರತೆಯಿಲ್ಲ. ಆದರೆ ಅದು ಗೋಷ್ಠಿಗಳ ಹೊತ್ತನ್ನು ನುಂಗುವುದಿಲ್ಲ. ಮಾತನಾಡುವವರ ಎದುರಿಗೆ ಸಮಯ ತೋರಿಸುವ ಪರದೆ ಇರುತ್ತದೆ. ಅಂಕಿ ಕೆಂಪಾಗುತ್ತಿದ್ದಂತೆ ಎಷ್ಟು ದೊಡ್ಡ ಪ್ರೊಫೆಸರರೂ ಕೊನೆಯ ಸ್ಲೈಡಿಗೆ ಹಾರುತ್ತಾರೆ. ಅಧ್ಯಕ್ಷರು ಎರಡು ಪ್ರಶ್ನೆ ತೆಗೆದುಕೊಂಡು ಏಳುತ್ತಾರೆ, ಸಭಾಂಗಣ ಖಾಲಿಯಾಗುತ್ತದೆ.

ನಮ್ಮಲ್ಲಿ ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಸ್ಮರಣ ಸಂಚಿಕೆ ಬಿಡುಗಡೆ, ಮುಖ್ಯ ಅತಿಥಿಗಳ ಮಾತು, ಆಮೇಲೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲಿನ ಪ್ರತಿಯೊಬ್ಬರಿಗೂ ಒಂದೊಂದು ಬುಟ್ಟಿ, ಪ್ರತಿ ಬುಟ್ಟಿಗೂ ಒಂದೊಂದು ಫೋಟೊ. ವಂದನಾರ್ಪಣೆ ಮುಗಿಯುವ ಹೊತ್ತಿಗೆ ಊಟದ ಸಾಲು ಬೆಳೆದಿರುತ್ತದೆ. ಬೆಳಗಿನ ಗೋಷ್ಠಿ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಸಂಜೆಗೆ ಜಾರುತ್ತದೆ. ವರ್ಷವೆಲ್ಲ ದುಡಿದು ಪ್ರಬಂಧ ತಯಾರಿಸಿದ ಸ್ನಾತಕೋತ್ತರ ವಿದ್ಯಾರ್ಥಿನಿಗೆ ಕಡೆಗೆ ಸಿಗುವುದು, 'ದಯವಿಟ್ಟು ಮೂರೇ ನಿಮಿಷದಲ್ಲಿ ಮುಗಿಸಿಬಿಡಮ್ಮಾ' ಎಂಬ ಅಪ್ಪಣೆ. ಇದನ್ನು ಸಂಸ್ಕೃತಿ ಎಂದು ಸಮರ್ಥಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸನ್ಮಾನಿತರಿಗೆ ಸಂದ ಗೌರವವೆಲ್ಲ ಆ ಹುಡುಗಿಯ ಹೊತ್ತಿನಿಂದ ಕಡಿದು ಕೊಟ್ಟದ್ದು.

ಊಟದ ವಿಷಯದಲ್ಲಿ ಮಾತ್ರ ನಮ್ಮನ್ನು ಮೀರಿಸುವವರಿಲ್ಲ. ವಿಯೆನ್ನಾದಲ್ಲಿ ತಣ್ಣಗಿನ ಸ್ಯಾಂಡ್‌ವಿಚ್ ಕೊಂಡು, ಎತ್ತರದ ಮೇಜಿನ ಮುಂದೆ ಒಬ್ಬನೇ ನಿಂತು ಮೊಬೈಲ್ ನೋಡುತ್ತಾ ತಿನ್ನಬೇಕು. ನಮ್ಮ ಸಮ್ಮೇಳನದಲ್ಲಿ ತಟ್ಟೆ ಹಿಡಿದು ಒಂಟಿಯಾಗಿ ನಿಂತವನನ್ನು ಯಾರಾದರೂ ಬಂದು, 'ಯಾವ ಊರು ಸಾರ್, ಬನ್ನಿ ಇಲ್ಲಿ' ಎಂದು ಎಳೆದುಕೊಂಡು ಹೋಗಿಯೇ ಹೋಗುತ್ತಾರೆ.

ಗೋಷ್ಠಿಗಳು ಹೊತ್ತಿಗೆ ಮುಗಿದರೆ ಊರು ಸಿಗುತ್ತದೆ. ಒಮ್ಮೆ ವಿಯೆನ್ನಾದಲ್ಲಿ ನನ್ನ ಕೆಲಸ ಶನಿವಾರಕ್ಕೆ ಮುಗಿದಿತ್ತು, ಭಾನುವಾರ ಪೂರ್ತಿ ಬಿಡುವು. ಶಿವಮೊಗ್ಗ ಕಡೆಯ ಡಾಕ್ಟರೊಬ್ಬರು ಪರಿಚಯವಾಗಿದ್ದರು. 'ನಾಳೆ ಏನೇನು ನೋಡುತ್ತೀರಿ?' ಎಂದು ಕೇಳಿದರು. ಅವರ ಪಟ್ಟಿಯಲ್ಲಿ ಷೋನ್‌ಬ್ರುನ್ ಅರಮನೆ, ಬೆಲ್ವೆಡೆರೆ ಅರಮನೆ, 1897ರ ಜಯಂಟ್ ವೀಲ್ ಇದ್ದವು. ಹೊತ್ತು ಉಳಿದರೆ, ರೈಲಿನಲ್ಲಿ ಒಂದೇ ಗಂಟೆಯ ದಾರಿಯಾದ, ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ. ಇನ್ನೊಂದು ದೇಶವೂ ಲೆಕ್ಕಕ್ಕೆ ಬರುತ್ತದಲ್ಲ! ನಾನು, 'ಒಂದು ಚಿತ್ರ ನೋಡಿ, ಒಂದು ಕಾಫಿ ಕುಡಿಯುತ್ತೇನೆ' ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

ಅಂಗಡಿಗಳೆಲ್ಲ ಭಾನುವಾರ ಬಾಗಿಲು ಹಾಕಿರುವುದರಿಂದ ಕೊಳ್ಳುವ ಚಪಲಕ್ಕೆ ಅಲ್ಲಿ ಆಸ್ಪದವೇ ಇಲ್ಲ. ಊರ ಕೋಟೆ ಗೋಡೆಯನ್ನು ಕೆಡವಲು ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1857ರಲ್ಲಿ ಆಜ್ಞೆ ಮಾಡಿದ. ಆ ಜಾಗದಲ್ಲಿ ಹಾಸಿದ ರಿಂಗ್‌ಸ್ಟ್ರಾಸೆ 1865ರಲ್ಲಿ ತೆರೆಯಿತು. ಅದೂ ವರ್ತುಲ ರಸ್ತೆಯೇ. ಆದರೆ ಸಾಲುಮರ, ಬೆಂಚು, ಟ್ರಾಮ್ ಇರುವ ವರ್ತುಲ ರಸ್ತೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ವಿಹಾರಕ್ಕೆಂದು ನಡೆದವರು ಯಾರಾದರೂ ಇದ್ದರೆ ಅವರಿಗೆ ನಾನೇ ಶಾಲು ಹೊದಿಸುತ್ತೇನೆ.

ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಹದಿನಾರನೆಯ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಹನ್ನೆರಡು ಚಿತ್ರಗಳಿವೆ. ಜಗತ್ತಿನಲ್ಲಿ ಬೇರೆಲ್ಲೂ ಅಷ್ಟು ಒಟ್ಟಿಗೆ ಇಲ್ಲ. ನಾನು ಕುಳಿತದ್ದು 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ. ಮೊದಲ ನೋಟಕ್ಕೆ ಬೇಟೆಗಾರರ ಬಾಗಿದ ಬೆನ್ನು, ಸೋತ ನಾಯಿಗಳು, ಕೋಲಿಗೆ ನೇತುಹಾಕಿದ ಒಂದೇ ಒಂದು ನರಿ. ದಿನವಿಡೀ ಅಲೆದು ದಕ್ಕಿದ್ದು ಅಷ್ಟೇ. ನೋಡುತ್ತಾ ಕುಳಿತರೆ ಎಡಗಡೆ ಛತ್ರದ ಮುಂದಿನ ಬೆಂಕಿ, ಅದರ ಸುತ್ತ ಕೆಲಸ ಮಾಡುತ್ತಿರುವವರು, ಕೆಳಗೆ ದೂರದಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲೆ ಜಾರಿ ಆಡುವ ಇರುವೆಯಷ್ಟು ಚಿಕ್ಕ ಜನ ಕಾಣಿಸತೊಡಗುತ್ತಾರೆ. ಅದರಲ್ಲೊಬ್ಬ ಬಿದ್ದಿದ್ದಾನೆ. ಅವನು ಕಾಣಬೇಕಾದರೆ ಕೂರಲು ಆಸನ ಬೇಕು, 'ಮುಂದೆ ನಡೀರಿ' ಎನ್ನುವವರು ಇರಬಾರದು.

ಅಲ್ಲಿಂದ ಕಾಲುನಡಿಗೆಯಲ್ಲೇ 1880ರ ಕೆಫೆ ಸ್ಪೆರ್ಲ್‌ಗೆ ಹೋದೆ. ಹೆಸರಾಂತ ಕೆಫೆ ಸೆಂಟ್ರಾಲ್‌ನ ಬಾಗಿಲಲ್ಲಿ ಪ್ರವಾಸಿಗರು ಸಾಲು ನಿಂತಿರುತ್ತಾರೆ. ಸಾಲು ನಿಂತು ಪಡೆಯುವ ಬಿಡುವು ನನಗೆ ಬೇಡ. ವಿಯೆನ್ನಾದ ಕಾಫಿಮನೆಯ ಸಂಪ್ರದಾಯವನ್ನು 2011ರಲ್ಲಿ ಆಸ್ಟ್ರಿಯಾ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮೆಲಾಂಜ್ ಎಂಬ ಹಾಲಿನ ಕಾಫಿ ಲೋಹದ ಪುಟ್ಟ ತಟ್ಟೆಯಲ್ಲಿ ಬರುತ್ತದೆ, ಪಕ್ಕದಲ್ಲಿ ಒಂದು ಲೋಟ ನೀರು. ಆಲ್ಪ್ಸ್ ಬೆಟ್ಟದ ಊಟೆಗಳಿಂದ 1873ರಿಂದ ಇಳಿಜಾರಿನಲ್ಲೇ ಹರಿದು ಬರುತ್ತಿರುವ ನೀರು ಅದು. ನಮ್ಮ ಕಾವೇರಿಯನ್ನಾದರೆ ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಪಂಪು ಹಚ್ಚಿ ಏರಿಸಬೇಕು. ಮರದ ಹಿಡಿಕೆಗೆ ಸಿಕ್ಕಿಸಿದ ದಿನಪತ್ರಿಕೆಗಳನ್ನು ಎಷ್ಟು ಹೊತ್ತಾದರೂ ಓದಬಹುದು. ಅಂದ ಹಾಗೆ, ವಿಜ್ಞಾನಿ ರಾಂಟ್ಗನ್ 1895ರ ಕೊನೆಗೆ ಕಂಡುಹಿಡಿದ ಎಕ್ಸ್-ರೇ ಕಿರಣಗಳ ಸುದ್ದಿ ಪತ್ರಿಕೆಯಲ್ಲಿ ಮೊದಲು ಬಂದದ್ದು ಇದೇ ಊರಿನಲ್ಲಿ, 1896ರ ಜನವರಿ 5ರಂದು. ನನ್ನ ಅನ್ನದ ಸುದ್ದಿಯನ್ನು ಯಾರೋ ಇಂಥದೇ ಮೇಜಿನ ಮುಂದೆ ಓದಿರಬಹುದು. ಕಪ್ಪು ಕೋಟಿನ ಮಾಣಿ ನಗಲಿಲ್ಲ, ಆದರೆ ಬಿಲ್ಲನ್ನೂ ನಾನು ಕೇಳುವ ತನಕ ತರಲಿಲ್ಲ. ನಮ್ಮಲ್ಲಿ ಮಾಣಿ ಅಕ್ಕರೆಯಿಂದ, 'ಇನ್ನೊಂದು ದೋಸೆ ಹಾಕಲಾ ಸಾರ್?' ಎನ್ನುತ್ತಾನೆ. ಕುರ್ಚಿಯ ಹಿಂದೆ ಮಾತ್ರ ಇನ್ನೊಂದು ಸಂಸಾರ ನಿಂತಿರುತ್ತದೆ.

ಸಂಜೆ ಒಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್. ಒಳಗೆ ಹೋದವರು ತಮ್ಮ ಕೊರಳಿನ ಮಫ್ಲರನ್ನು ಕಂಬಿಗೆ ಕಟ್ಟಿ ಆಚೆ ಹೋಗುತ್ತಾರೆ, ಜಾಗ ಅವರದ್ದು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಪದ್ಧತಿಯೇ ಇದು. ವ್ಯತ್ಯಾಸವಿಷ್ಟೇ, ಟವೆಲ್ ಎತ್ತಿಟ್ಟು ಕೂರುವವರು ಅಲ್ಲಿಲ್ಲ.

ವಿರಾಮ ಅವರ ರಕ್ತದಲ್ಲಿದೆ, ನಮಗೆ ಬರುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಊರಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂತವರ ಮಕ್ಕಳು ನಾವು. ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕಿನಲ್ಲಿ ಈಗಲೂ ಜನ ಹುಲ್ಲಿನ ಮೇಲೆ ಒರಗಿ ಓದುತ್ತಾರೆ. ಲಾಲ್‌ಬಾಗಿನಲ್ಲಿ ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ಕೂತೆದ್ದು, ಗಾಂಧಿ ಬಜಾರಿಗೆ ನಡೆದರೆ ದೋಸೆಗೆ ಹೆಸರಾದ 1943ರ ಹೋಟೆಲು ವಿದ್ಯಾರ್ಥಿ ಭವನ. ಇವೆಲ್ಲ ಇದ್ದೂ ನಮ್ಮ ಸಮ್ಮೇಳನಕ್ಕೆ ಬಂದ ಪರಊರಿನವರು ಕಾಣುವುದು ಹೋಟೆಲಿನ ಸಭಾಂಗಣ ಮತ್ತು ವಿಮಾನ ನಿಲ್ದಾಣದ ರಸ್ತೆ.

ಮೈಸೂರಿನಲ್ಲಿ ಸಮ್ಮೇಳನ ನಡೆಸುವ ಸ್ನೇಹಿತರಿಗೆ ಒಂದು ಕೋರಿಕೆ. ಸನ್ಮಾನವನ್ನೆಲ್ಲ ರಾತ್ರಿಯ ಊಟದ ಹೊತ್ತಿಗೆ ಇಟ್ಟುಕೊಳ್ಳಿ. ಭಾಷಣಕಾರರ ಮುಂದೆ ಒಂದು ಗಡಿಯಾರ ಇಡಿ. ಎರಡನೆಯ ದಿನದ ಮಧ್ಯಾಹ್ನವನ್ನು ಖಾಲಿ ಬಿಡಿ. ಬಸ್ಸು ಬೇಡ, ಗೈಡ್ ಬೇಡ, ಗ್ರೂಪ್ ಫೋಟೊ ಬೇಡ. ಬ್ಯಾಡ್ಜ್ ಕಳಚಿಟ್ಟು ಯಾರಿಗೆ ಬೇಕೋ ಅವರು ದೇವರಾಜ ಮಾರುಕಟ್ಟೆಗೋ ಕುಕ್ಕರಹಳ್ಳಿ ಕೆರೆಗೋ ಹೋಗಲಿ, ಬೇಡದವರು ಮಲಗಲಿ. ಅಂಥ ಆಮಂತ್ರಣ ಬಂದರೆ ವಿಮಾನದ ಖರ್ಚನ್ನು ನಾನೇ ಹಾಕಿಕೊಂಡು ಬರುತ್ತೇನೆ. ಊಟದ ಸಾಲಿನಲ್ಲಿ ಮಾತ್ರ ನನ್ನನ್ನು ಒಬ್ಬನೇ ಬಿಡಬೇಡಿ.