ಗೇಲ್‌ನ 42 ಚೀಟಿಗಳು

ಈ ಬೇಸಿಗೆ ರಜೆಯಲ್ಲಿ ನನ್ನ ಮಗಳು ತಾನು ಓದಿ ಮುಗಿಸಿದ ಮೂರು ಇಂಗ್ಲಿಷ್ ಕಾದಂಬರಿಗಳನ್ನು ತಂದು ನನ್ನ ಮುಂದಿಟ್ಟು, "ಅವ್ವಾ, ನೀ ಮೊದಲ ಓದು, ಆಮ್ಯಾಲೆ ಮಾತಾಡೂಣು" ಎಂದಳು. ಆಕೆ ಹಾಗೆ ಹೇಳಲು ಕಾರಣವಿತ್ತು. ಮನೆಗೆ ಬಂದಿದ್ದ ಹಿರಿಯ ಬಂಧುವೊಬ್ಬರು ಪುಸ್ತಕದ ಬೆನ್ನುಪುಟವನ್ನು ಓದಿ, ಮಕ್ಕಳೇ ಮಕ್ಕಳನ್ನು ಕೊಲ್ಲುವ ಕತೆಯನ್ನು ಪಿಯುಸಿ ಓದುವ ಹುಡುಗಿಯ ಕೈಗೆ ಕೊಟ್ಟಿದ್ದೀರಲ್ಲ ಎಂದು ಆಕ್ಷೇಪಿಸಿದ್ದರು. ಒಂದು ಪುಟವನ್ನೂ ಓದದ ನಾನು ಅವರ ಮಾತಿಗೆ ತಲೆಯಾಡಿಸಿದ್ದೆ. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಓದದೆ ತೀರ್ಪು ಕೊಟ್ಟದ್ದು ಮಗಳಿಗೆ ನೋವು ತಂದಿತ್ತು, ಮತ್ತು ಅವಳ ನೋವು ಸರಿಯಾಗಿಯೇ ಇತ್ತು. ಬಾಗಲಕೋಟೆಯ ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ, ಸಂಜೆ ಬಿಸಿಲು ಇಳಿದ ಮೇಲೆ ದಿನಕ್ಕೆ ಇಪ್ಪತ್ತು ಮೂವತ್ತು ಪುಟಗಳಂತೆ ಓದುತ್ತ ಒಂದೂವರೆ ತಿಂಗಳಲ್ಲಿ ಮೂರನ್ನೂ ಮುಗಿಸಿದೆ. ಓದಿದ ಮೇಲೆ ಆ ಬಂಧುಗಳಿಗೆ ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಲೇಖಕಿ ಸುಜಾನ್ ಕಾಲಿನ್ಸ್ ಅವರ ಹಂಗರ್ ಗೇಮ್ಸ್ ಸರಣಿ ಇದು. ಮೂರು ಕಾದಂಬರಿಗಳು 2008, 2009 ಮತ್ತು 2010ರಲ್ಲಿ ಪ್ರಕಟವಾದವು. ಇದೇ ಲೋಕದ ಹಿಂದಿನ ಕಾಲದ ಕತೆ ಹೇಳುವ ಇನ್ನೆರಡು 2020 ಮತ್ತು 2025ರಲ್ಲಿ ಬಂದಿವೆ, ಆದರೆ ನನ್ನ ಮಾತು ಮೊದಲ ಮೂರಕ್ಕೆ ಮಾತ್ರ ಸಂಬಂಧಿಸಿದ್ದು. ಉತ್ತರ ಅಮೆರಿಕ ಅಳಿದುಹೋದ ನೆಲದಲ್ಲಿ ಎದ್ದ ಪ್ಯಾನೆಮ್ ಎಂಬ ದೇಶ, ಅದರ ಸಿರಿವಂತ ರಾಜಧಾನಿ ಕ್ಯಾಪಿಟಲ್, ಅದಕ್ಕಾಗಿ ದುಡಿಯುವ 12 ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಒಪ್ಪಿಸಬೇಕು. ಹೀಗೆ ಕೂಡಿದ 24 ಮಕ್ಕಳಲ್ಲಿ ಒಬ್ಬರೇ ಉಳಿಯುವ ತನಕ ನಡೆಯುವ ಕಾದಾಟವನ್ನು ಇಡೀ ದೇಶ ಟಿವಿಯಲ್ಲಿ ನೋಡಬೇಕು. ಯಾವ ಮಗು ಹೋಗಬೇಕೆಂಬುದನ್ನು ಗಾಜಿನ ಗೋಳದಿಂದ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆ ದಿನದ ಹೆಸರು ರೀಪಿಂಗ್, ಅಂದರೆ ಕೊಯ್ಲು. ಜೋಳದ ಸುಗ್ಗಿಯನ್ನು ಹಬ್ಬವೆಂದೇ ತಿಳಿದು ಬೆಳೆದ ನಮಗೆ ಆ ಹೆಸರನ್ನು ಓದುವಾಗಲೇ ಮೈ ಜುಮ್ಮೆನ್ನುತ್ತದೆ.

ಬಂಧುಗಳು ಕಂಡದ್ದು ಕಾದಾಟವನ್ನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾದಾಟ ಶುರುವಾಗುವುದಕ್ಕಿಂತ ಬಹಳ ಮೊದಲು, ಮೊದಲನೆಯ ಅಧ್ಯಾಯದಲ್ಲಿಯೇ ಬರುವ ಒಂದು ಲೆಕ್ಕ. ಹನ್ನೆರಡು ತುಂಬಿದ ಮಗುವಿನ ಹೆಸರಿನಲ್ಲಿ ಒಂದು ಚೀಟಿ ಬೀಳುತ್ತದೆ, ಹದಿಮೂರಕ್ಕೆ ಎರಡು, ಹೀಗೆ ಏರುತ್ತ ಹದಿನೆಂಟಕ್ಕೆ ಏಳು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ನ್ಯಾಯ. ಆದರೆ ಬಡವರ ಮಕ್ಕಳಿಗೆ ಟೆಸೆರಾ ಎಂಬ ಇನ್ನೊಂದು ಏರ್ಪಾಡು ಇದೆ. ತನ್ನ ಹೆಸರಿನ ಒಂದು ಹೆಚ್ಚಿನ ಚೀಟಿಯನ್ನು ಹಾಕಲು ಒಪ್ಪಿದರೆ, ಒಬ್ಬ ವ್ಯಕ್ತಿಗೆ ಒಂದು ವರ್ಷಕ್ಕೆ ಹೇಗೋ ಸಾಲುವಷ್ಟು ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸಲ ಹೀಗೆ ಪಡೆಯಬಹುದು, ಮತ್ತು ಹಾಕಿದ ಚೀಟಿಗಳು ಮರುವರ್ಷಕ್ಕೂ ಗೋಳದಲ್ಲಿಯೇ ಉಳಿಯುತ್ತವೆ. ಕಥಾನಾಯಕಿ ಕ್ಯಾಟ್ನಿಸ್‌ಳ ತಂದೆ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ ತೀರಿಕೊಂಡಾಗ ಅವಳಿಗೆ ಹನ್ನೊಂದು ವರ್ಷ. ಹನ್ನೆರಡಾದ ಕೂಡಲೇ ತನಗೆ, ತಾಯಿಗೆ, ತಂಗಿ ಪ್ರಿಮ್‌ಗೆ ಎಂದು ಮೂರು ಟೆಸೆರಾ ಪಡೆಯುತ್ತಾಳೆ. ವರ್ಷಕ್ಕೆ ನಾಲ್ಕು ಚೀಟಿಯಂತೆ ಹದಿನಾರನೆಯ ವಯಸ್ಸಿಗೆ ಅವಳ ಹೆಸರಿನ ಚೀಟಿಗಳು 20 ಆಗಿವೆ. ಐದು ಜನರ ಮನೆಯನ್ನು ಸಾಕುತ್ತಿರುವ ಅವಳ ಗೆಳೆಯ ಗೇಲ್‌ನದು ವರ್ಷಕ್ಕೆ ಆರರಂತೆ ಏಳು ವರ್ಷಗಳಲ್ಲಿ 42. ನಾನು ಪೆನ್ಸಿಲ್ ಹಿಡಿದು ಪುಟದ ಅಂಚಿನಲ್ಲಿ ಈ ಲೆಕ್ಕವನ್ನು ಮಾಡಿ ನೋಡಿದೆ, ಸರಿಯಾಗಿ ಕೂಡುತ್ತದೆ.

ಅಲ್ಲಿಯೇ ಇನ್ನೊಂದು ಸಣ್ಣ ಪ್ರಸಂಗವಿದೆ. ಮೇಯರ್‌ನ ಮಗಳು ಮ್ಯಾಡ್ಜ್ ಕೊಯ್ಲಿನ ದಿನಕ್ಕೆಂದು ಚೆಂದದ ಬಿಳಿ ಉಡುಪು ತೊಟ್ಟು ನಿಂತಾಗ ಗೇಲ್ ಅವಳಿಗೆ ಚುಚ್ಚಿ ಮಾತಾಡುತ್ತಾನೆ. ನಿನ್ನವು ಹೆಚ್ಚೆಂದರೆ ಐದು ಚೀಟಿ ಇರಬಹುದು, ನನಗೆ ಹನ್ನೆರಡನೆಯ ವಯಸ್ಸಿನಲ್ಲಿಯೇ ಆರಿದ್ದವು ಎಂಬುದು ಅವನ ಮಾತಿನ ತಾತ್ಪರ್ಯ. ತಪ್ಪು ಮ್ಯಾಡ್ಜ್‌ಳದಲ್ಲ ಎಂಬುದು ಅವನಿಗೂ ಗೊತ್ತು. ಹಸಿದವರಿಗೂ ಹೊಟ್ಟೆ ತುಂಬಿದವರಿಗೂ ನಡುವೆ ದ್ವೇಷ ಹುಟ್ಟಿಸಿ ಅವರು ಎಂದೂ ಒಂದಾಗದಂತೆ ನೋಡಿಕೊಳ್ಳುವುದೇ ಟೆಸೆರಾದ ಕೆಲಸ ಎಂದು ಕಾಡಿನಲ್ಲಿ ಯಾರೂ ಕೇಳದಿರುವಾಗ ಅವನೇ ಕ್ಯಾಟ್ನಿಸ್‌ಳ ಮುಂದೆ ಹೇಳಿಕೊಂಡಿರುತ್ತಾನೆ. ತಿಳಿವಳಿಕೆ ಇದ್ದೂ ಎದುರಿಗೆ ನಿಂತ ಹುಡುಗಿಯ ಮೇಲೆ ಸಿಟ್ಟು ಬರುವುದನ್ನು ಇಷ್ಟು ಕಡಿಮೆ ಮಾತುಗಳಲ್ಲಿ ತೋರಿಸಿದ ಬರಹವನ್ನು, ದೊಡ್ಡವರಿಗೆಂದು ಬರೆದ ಕಾದಂಬರಿಗಳಲ್ಲಿಯೂ ನಾನು ಹೆಚ್ಚು ಕಂಡಿಲ್ಲ.

ಈ ಲೆಕ್ಕ ನನ್ನನ್ನು ಯಾಕೆ ಇಷ್ಟು ತಟ್ಟಿತು ಎಂದರೆ ನಾನು ಗುಳೇದಗುಡ್ಡದ ನೇಕಾರರ ಮನೆಯ ಮಗಳು. ನಮ್ಮ ಅಪ್ಪ ಮಾಲಕರಿಂದ ನೂಲು ತಂದು ಖಣ ನೇಯ್ದು ಕೂಲಿ ಪಡೆಯುತ್ತಿದ್ದರು. ಅಪ್ಪನಿಗೆ ಕಾಯಿಲೆಯಾದ ವರ್ಷ ಮಾಲಕರ ಕಡೆಯಿಂದ ಮುಂಗಡ ತರಲಾಯಿತು, ಮತ್ತು ಆ ಬಾಕಿಯ ಸಲುವಾಗಿ ನನ್ನ ಅಣ್ಣ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕುಣಿಮಗ್ಗಕ್ಕೆ ಇಳಿದ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕವೊಂದು ಮಾಲಕರ ಗಾದಿಯ ಪಕ್ಕದಲ್ಲಿರುತ್ತಿತ್ತು. ನಾಗರಪಂಚಮಿಗೆ ಐವತ್ತು, ದೀಪಾವಳಿಗೆ ನೂರು, ಅಜ್ಜಿಯ ಔಷಧಕ್ಕೆ ಇಷ್ಟು ಎಂದು ಅದರಲ್ಲಿ ನಮ್ಮ ಮನೆಯ ಹೆಸರಿನ ಕೆಳಗೆ ಸಾಲುಗಳು ಬೆಳೆಯುತ್ತಿದ್ದುದನ್ನು ಅಣ್ಣನ ಜೊತೆ ಸೀರೆ ಖಣಗಳ ಗಂಟು ಒಪ್ಪಿಸಲು ಹೋದಾಗ ನಾನು ಕಣ್ಣಾರೆ ನೋಡುತ್ತಿದ್ದೆ. ಒಂದು ಹಬ್ಬದ ಬಾಕಿ ತೀರುವುದರೊಳಗೆ ಇನ್ನೊಂದು ಹಬ್ಬ ಬರುತ್ತಿತ್ತು. ನಾನು ಶಾಲೆಗೆ ಹೋದೆ, ಕಾಲೇಜಿಗೆ ಹೋದೆ, ಮೇಷ್ಟ್ರ ಕೆಲಸಕ್ಕೆ ಸೇರಿದೆ. ಓದಿನಲ್ಲಿ ನನಗಿಂತ ಚುರುಕಾಗಿದ್ದ ಅಣ್ಣ ಇಂದಿಗೂ ಅದೇ ಮಗ್ಗದಲ್ಲಿದ್ದಾನೆ. ಊರವರು ಇದನ್ನು ಅವರವರ ನಸೀಬು ಎನ್ನುತ್ತಿದ್ದರು, ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಗೇಲ್‌ನ 42 ಚೀಟಿಗಳನ್ನು ಎಣಿಸಿದ ಸಂಜೆ ಮಾತ್ರ ಆ ಶಬ್ದ ನನಗೆ ಸಾಲದಾಯಿತು. ಚೀಟಿ ಎತ್ತುವ ಕೈ ಕಣ್ಣು ಮುಚ್ಚಿರಬಹುದು, ಆದರೆ ಯಾರ ಹೆಸರಿನ ಚೀಟಿಗಳು ಎಷ್ಟಿವೆ ಎಂಬುದನ್ನು ಕಣ್ಣು ತೆರೆದವರೇ ಬರೆದಿರುತ್ತಾರೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಧಾನ್ಯ, ಎಣ್ಣೆ ಎಂದ ಕೂಡಲೇ ಕೆಲವರು ಟೆಸೆರಾವನ್ನು ನಮ್ಮ ರೇಷನ್ ಅಂಗಡಿಗೆ ಹೋಲಿಸಬಹುದು. ಆ ಹೋಲಿಕೆ ತಪ್ಪು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ನಮ್ಮಲ್ಲಿ ಹಕ್ಕು. ಅಕ್ಕಿ ಪಡೆದ ಮನೆಯ ಮಗುವಿನ ಮೇಲೆ ಅದರಿಂದ ಯಾವ ಋಣವೂ ಬೀಳುವುದಿಲ್ಲ. ಟೆಸೆರಾಗೆ ಸರಿಯಾದ ಹೋಲಿಕೆ ಮುಂಗಡದ್ದು. ಮುಂಗಡ ಪಡೆದು ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೊರಟ ತಂದೆ ತಾಯಿಯರ ಹಿಂದೆ ಮಕ್ಕಳೂ ಗುಳೆ ಹೋಗಿ, ನನ್ನ ತರಗತಿಯ ಬೆಂಚುಗಳು ದೀಪಾವಳಿಯ ನಂತರ ಖಾಲಿಯಾಗುತ್ತವೆಯಲ್ಲ, ಅದು. ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನ ಮುಂದೆ ಗೈರು ಎಂದು ಬರೆಯುವಾಗ ಈಗ ನನ್ನ ಕೈ ತಡೆಯುತ್ತದೆ.

ಮಗಳು ನನ್ನ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. "ಪ್ರಿಮ್ಮಂದು ಒಂದ ಚೀಟಿ ಇತ್ತಲ್ಲ ಅವ್ವಾ, ಅಕಿ ಹೆಸರ ಯಾಕ ಬಂತು ಮತ್ತ?" ಎಂದು ಕೇಳಿದಳು. ಅಕ್ಕ ಹಟ ಹಿಡಿದು ತಂಗಿಗೆ ಟೆಸೆರಾ ಪಡೆಯಲು ಬಿಟ್ಟಿರುವುದಿಲ್ಲ, ಸಾವಿರಾರು ಚೀಟಿಗಳ ನಡುವೆ ಹನ್ನೆರಡು ವರ್ಷದ ಪ್ರಿಮ್‌ಳದು ಒಂದೇ ಇರುತ್ತದೆ, ಮತ್ತು ಅದೇ ಮೇಲೆ ಬರುತ್ತದೆ. ಹಾಗಿದ್ದರೆ ಇದು ಬರೀ ನಸೀಬೇ ಅಲ್ಲವೇ ಎಂಬುದು ಅವಳ ಪ್ರಶ್ನೆ. ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ತೋಚಿದ್ದು ಇಷ್ಟು: ಒಂದೇ ಚೀಟಿಯವಳೂ ಆಗಾಗ ಸಿಕ್ಕಿಬೀಳುವುದರಿಂದಲೇ ಈ ಏರ್ಪಾಡು ನ್ಯಾಯದಂತೆ ಕಾಣುತ್ತದೆ. ಯಾರ ಹೆಸರು ಬೇಕಾದರೂ ಬರಬಹುದು ಎಂದು ತೋರಿಸಲು ಒಂದು ಪ್ರಿಮ್ ಸಾಕು. ಅದರ ಮರೆಯಲ್ಲಿ 42 ಚೀಟಿಗಳ ಹುಡುಗರು ವರ್ಷ ವರ್ಷವೂ ಹೋಗುತ್ತಿರುತ್ತಾರೆ. ಕೊನೆಗೆ ತಂಗಿಯ ಬದಲು ತಾನು ಹೋಗುತ್ತೇನೆಂದು ಮುಂದೆ ಬರುವವಳೂ 20 ಚೀಟಿಗಳವಳೇ. ಮಗಳು ಇದನ್ನು ಅರ್ಧ ಒಪ್ಪಿದ್ದಾಳೆ.

ಅಥೆನ್ಸಿನಿಂದ ಏಳು ಹುಡುಗರು ಮತ್ತು ಏಳು ಹುಡುಗಿಯರನ್ನು ಮಿನೊಟಾರ್ ಎಂಬ ರಾಕ್ಷಸನಿಗೆ ಕಳಿಸುತ್ತಿದ್ದ ಗ್ರೀಕ್ ಪುರಾಣದಿಂದ ಈ ಕತೆಯ ಬೀಜ ಸಿಕ್ಕಿತೆಂದು ಲೇಖಕಿ ಹೇಳಿದ್ದಾರೆ. ನಮ್ಮವರಿಗೆ ಬಕಾಸುರನ ಬಂಡಿ ನೆನಪಾಗಬಹುದು. ನನಗೆ ಬಿಡದೆ ನೆನಪಾದದ್ದು ನಾನು ಎಷ್ಟೋ ಸಲ ಪಾಠ ಮಾಡಿದ ಕೆರೆಗೆ ಹಾರ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲು ಬಲಿ ಬೇಕಾದಾಗ, ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರಿಲ್ಲ ಎಂದು ಲೆಕ್ಕ ಹಾಕಿ ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅಲ್ಲಿ ಚೀಟಿಯ ನೆಪವೂ ಇಲ್ಲ. ಭಾಗೀರಥಿ ತವರಿಗೆ ಹೋಗಿ ತಾಯಿ ತಂದೆಯರಿಗೆ ನಿಜವನ್ನು ಹೇಳಲಾರಳು. ಗೆಳತಿಗೆ ಹೇಳಿದರೆ ಗೆಳತಿಯೂ ಇಟ್ಟಂತೆ ಇರಬೇಕು ಎನ್ನುತ್ತಾಳೆ. ಆ ಇಡೀ ಹಾಡಿನಲ್ಲಿ ಬೇಡ ಎನ್ನುವವರು ಒಬ್ಬರೂ ಇಲ್ಲ. ದಂಡಿನಿಂದ ಗಂಡ ಮರಳುವ ಹೊತ್ತಿಗೆ ಕೆರೆ ತುಂಬಿರುತ್ತದೆ. ಹನ್ನೆರಡನೆಯ ಜಿಲ್ಲೆಯ ಚೌಕದಲ್ಲಿ ಕ್ಯಾಟ್ನಿಸ್ ಮುಂದೆ ಬಂದಾಗ ಚಪ್ಪಾಳೆ ತಟ್ಟಿರೆಂದು ಜನರಿಗೆ ಹೇಳಲಾಗುತ್ತದೆ, ಒಬ್ಬರೂ ತಟ್ಟುವುದಿಲ್ಲ. ಸುಮ್ಮನೆ ನಿಲ್ಲುತ್ತಾರೆ. ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಅವಳ ಕಡೆಗೆ ಚಾಚುತ್ತಾರೆ. ಭಾಗೀರಥಿಗೆ ಅಷ್ಟಾದರೂ ಸಿಕ್ಕಿದ್ದರೆ ಎಂದು ಆ ಪುಟವನ್ನು ಓದುವಾಗ ನನ್ನ ಗಂಟಲು ಕಟ್ಟಿತು. ಆಲಮಟ್ಟಿಯ ಹಿನ್ನೀರಿಗೆ ಓಣಿಗಳನ್ನೇ ಬಿಟ್ಟುಕೊಟ್ಟು ಬಂದ ಬಾಗಲಕೋಟೆಯ ಮನೆಯೊಂದರ ಸೊಸೆಯಾಗಿ, ನೀರಿಗಾಗಿ ಯಾರೋ ಏನನ್ನೋ ಕೊಡಬೇಕಾದ ಹಾಡನ್ನು ನಾನು ಹಗುರವಾಗಿ ಓದಲಾರೆ.

ಪ್ಯಾನೆಮ್ ಎಂಬ ಹೆಸರು ಲ್ಯಾಟಿನ್ ಭಾಷೆಯಲ್ಲಿ ರೊಟ್ಟಿ ಎಂಬರ್ಥದ ಪದದಿಂದ ಬಂದಿದೆ. ಜನರಿಗೆ ರೊಟ್ಟಿಯನ್ನೂ ಆಟವನ್ನೂ ಕೊಟ್ಟರೆ ಸಾಕೆಂಬ ರೋಮನ್ ಕಾಲದ ಮಾತು ಅದರ ಹಿಂದಿದೆ. ಕತೆಯುದ್ದಕ್ಕೂ ರೊಟ್ಟಿ ಕೈಯಿಂದ ಕೈಗೆ ದಾಟುತ್ತದೆ. ಬೇಕರಿಯ ಹುಡುಗ ಪೀಟಾ ತಾಯಿಯ ಏಟು ತಿಂದು ಮಳೆಯಲ್ಲಿ ಕ್ಯಾಟ್ನಿಸ್‌ಳ ಕಡೆಗೆ ಎಸೆದ ಸುಟ್ಟ ರೊಟ್ಟಿಯಿಂದಲೇ ಅವಳ ಮನೆ ಉಳಿಯುತ್ತದೆ. ಹೊಲಗದ್ದೆಗಳ ಹನ್ನೊಂದನೆಯ ಜಿಲ್ಲೆಯ ಪುಟ್ಟ ಹುಡುಗಿ ರೂ ಸತ್ತಾಗ ಕ್ಯಾಟ್ನಿಸ್ ಅವಳ ಮೈಯನ್ನು ಹೂಗಳಿಂದ ಸಿಂಗರಿಸುತ್ತಾಳೆ, ಅದನ್ನು ಕಂಡ ಆ ಜಿಲ್ಲೆಯ ಬಡವರು ಹಣ ಕೂಡಿಸಿ ಅವಳಿಗೊಂದು ರೊಟ್ಟಿ ಕಳಿಸುತ್ತಾರೆ. ಅರ್ಧಚಂದ್ರದ ಆಕಾರದ, ಮೇಲೆ ಬೀಜಗಳನ್ನು ಉದುರಿಸಿದ, ಕಪ್ಪು ಧಾನ್ಯದ ರೊಟ್ಟಿ. ಅದನ್ನು ಓದಿದಾಗ ಸಂಕ್ರಾಂತಿಗೆ ನಮ್ಮವ್ವ ಎಳ್ಳು ಹಚ್ಚಿ ಬಡಿಯುತ್ತಿದ್ದ ಸಜ್ಜೆ ರೊಟ್ಟಿ, ಹಂಚಿನ ಮೇಲೆ ಎಳ್ಳು ಚಟಪಟ ಸಿಡಿಯುವ ಸದ್ದು, ಆ ಕಮ್ಮನೆಯ ಸಿಹಿ ವಾಸನೆ ಎಲ್ಲ ಒಮ್ಮೆಗೇ ಬಂದವು. ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ.

ಸರಣಿಯಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಇಬ್ಬರು ಹುಡುಗರಲ್ಲಿ ಯಾರು ಎಂಬ ತೊಳಲಾಟಕ್ಕೆ ಎರಡನೆಯ ಪುಸ್ತಕದಲ್ಲಿ ಬೇಕಾದುದಕ್ಕಿಂತ ಹೆಚ್ಚು ಪುಟಗಳು ಹೋಗಿವೆ. ಆದರೆ ಮೂರನೆಯ ಪುಸ್ತಕದ ಕೊನೆಯ ಭಾಗ ಬಹಳ ಧೈರ್ಯದ ಬರಹ. ಯುದ್ಧ ಗೆದ್ದ ಮೇಲೆ ದಂಗೆಯ ನಾಯಕಿ, ಈಗ ಕ್ಯಾಪಿಟಲ್ಲಿನ ಮಕ್ಕಳನ್ನು ಹಾಕಿ ಕೊನೆಯದೊಂದು ಆಟ ಆಡಿಸೋಣವೇ ಎಂದು ಬದುಕುಳಿದ ಏಳು ವಿಜೇತರ ಮತ ಕೇಳುತ್ತಾಳೆ. ನಾಲ್ವರು ಹೌದೆನ್ನುತ್ತಾರೆ, ಅವರಲ್ಲಿ ಕ್ಯಾಟ್ನಿಸ್‌ಳೂ ಒಬ್ಬಳು. ಮುಂದೆ ಅವಳು ಆ ನಾಯಕಿಗೇ ಬಾಣ ಹೊಡೆಯುತ್ತಾಳೆ, ನಿಜ. ಆದರೂ ತಂಗಿಯನ್ನು ಕಳೆದುಕೊಂಡವಳ ಬಾಯಿಂದ ಬಂದ ಆ ಹೌದು ತಂತ್ರವೋ ಸಿಟ್ಟೋ ಎಂಬುದನ್ನು ಲೇಖಕಿ ಬಿಡಿಸಿ ಹೇಳುವುದಿಲ್ಲ. ಮಗಳು ತಂತ್ರ ಎನ್ನುತ್ತಾಳೆ. ನಾನು ಆ ಕ್ಷಣಕ್ಕೆ ಅದು ಸಿಟ್ಟೇ ಎಂದು ನಂಬಿದ್ದೇನೆ. ಇದರ ಬಗ್ಗೆ ನಮ್ಮಿಬ್ಬರಲ್ಲಿ ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ ಎಷ್ಟು ಮಾತಾಗಿದೆಯೆಂದರೆ, ಅವಳು ಹತ್ತನೆಯ ಇಯತ್ತೆ ದಾಟಿದ ಮೇಲೆ ನಾವು ಇಷ್ಟು ಮಾತಾಡಿದ್ದೇ ಇಲ್ಲ. ಇಂಥ ಪುಸ್ತಕವನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳುವ ಮೊದಲು ಹಿರಿಯರು ಅವರ ಪಕ್ಕದಲ್ಲಿ ಕುಳಿತು ಓದಬೇಕೆಂದು ಆ ಬಂಧುಗಳಲ್ಲಿ ನನ್ನ ಪ್ರಾರ್ಥನೆ.

ಹೋದ ಭಾನುವಾರ ಇಬ್ಬರೂ ಗುಳೇದಗುಡ್ಡಕ್ಕೆ ಹೋಗಿದ್ದೆವು. ಅಣ್ಣ ಮಗ್ಗದಲ್ಲಿದ್ದ, ವೈನಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದರು. ಮಗಳು ಮಾಮನ ಎದುರಿಗೆ ಕುಳಿತು ಕತೆ ಹೇಳತೊಡಗಿದಳು. ಟೆಸೆರಾದ ವಿಷಯ ಬಂದಾಗ ಅಣ್ಣ, "ಎಣ್ಣೀನೂ ಕೊಡ್ತಿದ್ರೇನು?" ಎಂದು ಕೇಳಿ ಮತ್ತೆ ಲಾಳಿ ಹೊಡೆದ. ಎಂಟನೆಯ ಜಿಲ್ಲೆ ಬಟ್ಟೆ ನೇಯುವವರದು, ಅಲ್ಲಿಯೇ ದಂಗೆ ಏಳುತ್ತದೆ ಎಂದಾಗ ಮಾತ್ರ ಅವನ ಕೈ ನಿಂತಿತು. ಆ ಜಿಲ್ಲೆಯಿಂದ ತಪ್ಪಿಸಿಕೊಂಡು ಹಿಮದಲ್ಲಿ ನಡೆದು ಹೊರಟ ಒಬ್ಬ ಟೀಚರ್ ಮತ್ತು ಆಕೆಯ ವಿದ್ಯಾರ್ಥಿನಿ ಎರಡನೆಯ ಪುಸ್ತಕದಲ್ಲಿ ಬರುತ್ತಾರೆ. ಟೀಚರ್ ಹೆಸರು ಟ್ವಿಲ್. ಅದು ಓರೆ ಗೆರೆ ಮೂಡುವ ಒಂದು ನೇಯ್ಗೆಯ ಹೆಸರು ಎಂದು ಅಣ್ಣನೇ ನಮಗೆ ತಿಳಿಸಿ, ಹತ್ತಿರದಲ್ಲಿ ಬಿದ್ದಿದ್ದ ಜೀನ್ಸ್ ಬಟ್ಟೆಯ ಚೀಲವನ್ನು ತೆಗೆದುಕೊಂಡು ಉಗುರಿನಿಂದ ಆ ಗೆರೆಯನ್ನು ಗೀರಿ ತೋರಿಸಿದ. ಇಷ್ಟು ಪುಟಗಳನ್ನು ಓದಿಯೂ ಅದು ನಮಗಿಬ್ಬರಿಗೂ ತಿಳಿದಿರಲಿಲ್ಲ.

"ಅವರಿಬ್ಬರೂ ಹೋಗಿ ಮುಟ್ಟಿದ್ರೇನವ್ವಾ?" ಎಂದು ಅಣ್ಣ ಕೇಳಿದ.

ಮಗಳು ನನ್ನ ಮುಖ ನೋಡಿದಳು. ಅವರು ಮುಟ್ಟಲಿಲ್ಲ ಎಂಬುದು ಮೂರನೆಯ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. "ಇನ್ನೊಂದು ಪುಸ್ತಕ ಐತಿ ಮಾಮಾ, ಮುಂದಿನ ಐತವಾರ ಹೇಳ್ತೀನಿ" ಎಂದಳು.