ಡೆಡ್ ಸ್ಟಾಕ್‌ಗೆ ಸ್ವರ್ಗಪ್ರಾಪ್ತಿ

ನಮ್ಮ ಕಡೆ ಕುರ್ಚಿಯ ಬೆಲೆ ನಿಂತಿರುವುದು ಅದರ ಮೇಲೆ ಯಾರು ಕೂರುತ್ತಾರೆ ಎಂಬುದರ ಮೇಲೆ. ಅದಕ್ಕಾಗಿಯೇ ರೆಸಾರ್ಟ್, ಅದಕ್ಕಾಗಿಯೇ ದೆಹಲಿ ಯಾತ್ರೆ. ಚಂಡೀಗಢದಲ್ಲಿ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಗುಮಾಸ್ತರು ಕೂತಿದ್ದಷ್ಟು ಕಾಲ ಕುರ್ಚಿಯನ್ನು ಕೇಳುವವರಿರಲಿಲ್ಲ. ಬೆತ್ತ ಹರಿದು, ತಾರಸಿಗೆ ಬಿದ್ದು, ನಾಲ್ಕು ಮಳೆಗಾಲ ನೆನೆದು, ಸೌದೆಯ ಲೆಕ್ಕದಲ್ಲಿ ಹರಾಜಾದ ಮೇಲೆ ಅದೇ ಕುರ್ಚಿ ಪ್ಯಾರಿಸ್ಸಿನ ಗ್ಯಾಲರಿಯಲ್ಲಿ ಕಲಾಕೃತಿಯಾಗಿ ಅವತಾರ ಎತ್ತಿತು.

ಕುರ್ಚಿ ನಿಮಗೂ ಪರಿಚಯದ್ದೇ. ತೇಗದ ಚೌಕಟ್ಟು, ಬೆತ್ತ ಹೆಣೆದ ಆಸನ ಮತ್ತು ಬೆನ್ನು, ಎರಡೂ ಪಕ್ಕಕ್ಕೆ ಬೋರಲು ಹಾಕಿದ ‘ವಿ’ ಅಕ್ಷರದಂಥ ಕಾಲು, ಆ ಕಾಲಿನ ನೆತ್ತಿಯ ಮೇಲೆ ಕೈ ಇಡುವ ಪಟ್ಟಿ. ಇಂದು ದೊಡ್ಡ ಊರಿನ ಯಾವ ಕೆಫೆಗೆ ಹೋದರೂ ಇದರ ಮರಿಮಕ್ಕಳು ಸಿಗುತ್ತಾರೆ. ಮೂಲಪುರುಷ ಹುಟ್ಟಿದ್ದು ಕಾಫಿ ಕುಡಿಯುವವರಿಗಾಗಿ ಅಲ್ಲ, ಕಡತ ಬರೆಯುವವರಿಗಾಗಿ. ವಿಭಜನೆಯಲ್ಲಿ ಲಾಹೋರ್ ಆಚೆ ಹೋಗಿ ಪಂಜಾಬಿಗೆ ರಾಜಧಾನಿಯೇ ಇಲ್ಲವಾದಾಗ ಹೊಸ ಊರು ಕಟ್ಟಲು ಪ್ಯಾರಿಸ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರನ್ನು ಕರೆಸಿದರು. ಅವರು ವರ್ಷಕ್ಕೆರಡು ಸಲ ಬಂದು ನೋಡಿಹೋಗುವ ಕರಾರು. ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದ್ದು ಅವರ ದಾಯಾದಿ, ತಾವೂ ವಾಸ್ತುಶಿಲ್ಪಿಯಾಗಿದ್ದ ಪಿಯರ್ ಜೀನರೆ. 1951ರಲ್ಲಿ ಬಂದವರು, ಕಾಯಿಲೆ ಬಿದ್ದು 1965ರಲ್ಲಿ ಜಿನೀವಾಕ್ಕೆ ವಾಪಸಾಗುವವರೆಗೆ ಅಲ್ಲೇ ಇದ್ದರು. 1967ರಲ್ಲಿ ತೀರಿಕೊಂಡರು, ಅಸ್ಥಿ ಬಂದದ್ದು ಚಂಡೀಗಢದ ಸುಖ್ನಾ ಕೆರೆಗೆ.

ಸೆಕ್ರೆಟರಿಯೇಟ್, ಹೈಕೋರ್ಟ್, ವಿಧಾನಸಭೆ, ಯೂನಿವರ್ಸಿಟಿ, ಲೈಬ್ರರಿ, ಹಾಸ್ಟೆಲ್: ಎಲ್ಲಕ್ಕೂ ಸಾವಿರಗಟ್ಟಲೆ ಕುರ್ಚಿ ಬೇಕು. ದುಡ್ಡು ಕಡಿಮೆ, ದೊಡ್ಡ ಕಾರ್ಖಾನೆ ಇಲ್ಲ. ಹಾಗಾಗಿ ತೇಗ, ಬೀಟೆಯ ದಾಯಾದಿ ಶೀಶಮ್, ಬೆತ್ತ, ಉಳಿ-ಗರಗಸ ಹಿಡಿದ ಬಡಗಿ, ಇಷ್ಟರಲ್ಲೇ ಆಗುವಂಥ ಕುರ್ಚಿಯ ನಕ್ಷೆಯನ್ನು ಜೀನರೆ ಮತ್ತು ಸಂಗಡಿಗರು ಬರೆದರು. ‘ವಿ’ ಕಾಲು ಶೋಕಿಗಲ್ಲ. ನೇರ ನಾಲ್ಕು ಕಾಲಿನ ಕುರ್ಚಿಯಲ್ಲಿ ಊಟವಾದ ಮೇಲೆ ಗುಮಾಸ್ತರು ಹಿಂದಕ್ಕೆ ವಾಲಿದರೆ ಚೌಕ ಓರೆಯಾಗುತ್ತದೆ, ಕಚ್ಚು ಸಡಿಲವಾಗುತ್ತದೆ, ಆರು ತಿಂಗಳಲ್ಲಿ ಕುರ್ಚಿ ಕಿರುಗುಟ್ಟುತ್ತದೆ. ತ್ರಿಕೋನ ಹಾಗೆ ಓರೆಯಾಗುವುದಿಲ್ಲ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬೆನ್ನಿಗೆ ಗಾಳಿಯಾಡಲೆಂದು ಬೆತ್ತ. ವಾಲುವ ಚಾಳಿಯನ್ನೂ ಬೆವರುವ ಬೆನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಸರ್ಕಾರಿ ಸಾಮಾನು ಈ ದೇಶದಲ್ಲಿ ಇನ್ನೊಂದಿದ್ದರೆ ತೋರಿಸಿ.

ಇಂಥ ಕುರ್ಚಿಯನ್ನು ಕೊಲ್ಲುವುದು ಸುಲಭವಲ್ಲ. ಇಲಾಖೆಗಳು ಶ್ರಮಪಟ್ಟವು.

ಬೆತ್ತದ ಕೆಲಸ ಹೀಗೆ: ಚೌಕಟ್ಟಿನ ಸುತ್ತ ಸಾಲಾಗಿ ತೂತು. ಎಳೆಗಳನ್ನು ನೀರಲ್ಲಿ ನೆನೆಸಿ, ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಆಮೇಲೆ ಎರಡು ಓರೆ ದಿಕ್ಕಿಗೆ ಒಂದೊಂದು ಸಲ ಹೆಣೆಯಬೇಕು. ಒಣಗಿದಾಗ ಎಳೆ ಕುಗ್ಗಿ ತಮಟೆಯ ಹಾಗೆ ಬಿಗಿಯಾಗುತ್ತದೆ. ಆಸನದ ಇಡೀ ಮೈ ಮೇಲೆ ಭಾರ ಹರಡಿ ಕೂತರೆ ಹತ್ತಿಪ್ಪತ್ತು ವರ್ಷಕ್ಕೆ ಮೋಸವಿಲ್ಲ. ಆದರೆ ಟ್ಯೂಬ್‌ಲೈಟ್ ಬದಲಿಸಲು ಇದರ ಮೇಲೆ ಹತ್ತಿ ನಿಂತರೆ ಹಿಮ್ಮಡಿಯ ಕೆಳಗೆ ಎರಡು ಎಳೆ ಪಟ್ಟೆನ್ನುತ್ತವೆ; ಅವುಗಳ ಭಾರ ಪಕ್ಕದವಕ್ಕೆ ಬಿದ್ದು ತಿಂಗಳಲ್ಲಿ ಅಂಗೈಯಗಲದ ತೂತು. ಬೇಸಿಗೆಯಲ್ಲಿ ಆಗೀಗ ಅಡಿಯಿಂದ ಒದ್ದೆ ಬಟ್ಟೆ ಒರೆಸಿದ್ದರೆ ಬೆತ್ತ ಇಷ್ಟು ಬೇಗ ಗರಿಗರಿಯಾಗುತ್ತಿರಲಿಲ್ಲ. ಒರೆಸುವುದು ಯಾವ ಹುದ್ದೆಯ ಕೆಲಸ ಎಂದು ಯಾವ ಸುತ್ತೋಲೆಯಲ್ಲೂ ಇಲ್ಲ.

ಹರಿದ ಮೇಲೆ ಚಿಕಿತ್ಸೆ. ಬೆತ್ತದ ಬದಲು ಪ್ಲಾಸ್ಟಿಕ್ ವೈರ್. ಪ್ಲಾಸ್ಟಿಕ್ ಒಣಗಿದರೆ ಕುಗ್ಗುವುದಿಲ್ಲವಲ್ಲ, ವಾರದಲ್ಲೇ ಜೋಲಿ. ಜೋಲಿಯಾಗಿದ್ದಕ್ಕೆ ಮೇಲೊಂದು ಪ್ಲೈವುಡ್ ಹಲಗೆ, ಹಲಗೆಗೆ ಮೊಳೆ. ತೂತುಗಳ ಸಾಲಿನಲ್ಲೇ ಮೊಳೆ ಹೊಡೆದರೆ ಪಟ್ಟಿ ಉದ್ದಕ್ಕೂ ಸೀಳುತ್ತದೆ. ಹೀಗೆ ರಿಪೇರಿ ಸಂಪೂರ್ಣ ಯಶಸ್ವಿಯಾದ ಬಳಿಕ ಕುರ್ಚಿಯನ್ನು ‘ನಿರುಪಯುಕ್ತ’ ಎಂದು ಬರೆಯಲಾಗುತ್ತದೆ. ಅದರ ಜಾಗಕ್ಕೆ ಗಾಲಿಯ ಕುರ್ಚಿ ಬರುತ್ತದೆ, ಬೆನ್ನಿಗೆ ರೆಕ್ಸಿನ್. ರೆಕ್ಸಿನ್‌ಗೆ ಬೆನ್ನು ಬೆವರುತ್ತದೆ ಎಂದು ಸಾಹೇಬರು ಮೇಲೊಂದು ಟರ್ಕಿ ಟವೆಲ್ ಹೊದಿಸುತ್ತಾರೆ. ಬೆತ್ತ ಮಾಡುತ್ತಿದ್ದ ಕೆಲಸಕ್ಕೆ ಈಗ ಟವೆಲ್ಲು, ಟವೆಲ್ ಒಗೆಯಲು ಒಬ್ಬ ಜವಾನ.

ಇಲ್ಲಿಂದ ಮುಂದೆ ಎಲ್ಲವೂ ನಿಯಮದ ಪ್ರಕಾರ. ಕಚೇರಿಯ ಮೇಜು-ಕುರ್ಚಿಗಳ ಲೆಕ್ಕವಿಡುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಹುಡುಕಿ, ಸಮಿತಿ ಕೂರಿಸಿ, ಕಂಡೆಮ್ ಮಾಡಿ, ಲಾಟು ಕಟ್ಟಿ, ಹರಾಜು ಕೂಗಿ, ಹಣ ಕಟ್ಟಿಸಿಕೊಂಡು ರಸೀದಿ. ಕುರ್ಚಿ ಸಮಿತಿಯ ಮುಂದೆ ಬಂದಾಗ ಸದಸ್ಯರು ನೋಡುವುದು ಮುರಿದ ಮರವನ್ನು. ಯಾರು ಬರೆದ ಕುರ್ಚಿ ಎಂಬ ಕಾಲಂ ಆ ನಮೂನೆಯಲ್ಲಿ ಇಲ್ಲ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ವರ್ತಕರು ಈ ಹರಾಜುಗಳ ವಾಸನೆ ಹಿಡಿದು ಬಂದರು. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಗಾದೆ ಮಾಡಿಟ್ಟುಕೊಂಡು ಕೂತೆವು. ಅವರು ಲಾರಿ ತಂದರು.

ಆಚೆ ದಡದಲ್ಲಿ ಕುರ್ಚಿಗೆ ಸಂಸ್ಕಾರ. ಮೊಳೆ ಕಿತ್ತು, ಸೀಳು ತುಂಬಿ, ಮಳೆಗೆ ಬೂದು ತಿರುಗಿದ ಮೇಲ್ಪದರವನ್ನು ಉಜ್ಜಿದರೆ ಒಳಗಿನ ತೇಗ ಜೇನುಬಣ್ಣಕ್ಕೆ ಬರುತ್ತದೆ. ಹೊಸ ಬೆತ್ತ, ಹೊಸ ಹೊಳಪು. ನಮ್ಮ ಬಡಗಿಗಳು ಬಾಯಿಮಾತಿಗೆ ಹೇಳುವ ಫ್ರೆಂಚ್ ಪಾಲಿಶ್‌ಗೆ ಮೊದಲ ಸಲ ನಿಜವಾದ ಅರ್ಥ ಬಂತು. ಒಂದನ್ನು ಮಾತ್ರ ಉಜ್ಜುವಂತಿಲ್ಲ: ಹಿಂಬದಿಯ ಪಟ್ಟಿಯಲ್ಲಿ ಬಿಳಿ ಬಣ್ಣದಲ್ಲಿ ಬಳಿದ ಇಲಾಖೆಯ ಹೆಸರು ಮತ್ತು ನಂಬರು. ಯಾರೂ ಕದ್ದೊಯ್ಯದಿರಲಿ ಎಂದು ಸ್ಟೋರ್ ಕೀಪರ್ ಬರೆಸಿದ ಅಕ್ಷರ ಅದು. ಈಗ ಅದೇ ಅಸಲಿತನದ ಪ್ರಮಾಣಪತ್ರ. ಅದಿದ್ದರೆ ಬೆಲೆ ಹೆಚ್ಚು. ಒಂದು ಜೊತೆ ಕುರ್ಚಿ ಹತ್ತಾರು ಲಕ್ಷಕ್ಕೆ ಹೋಗುವುದು ಮಾಮೂಲಾಯಿತು. ಊರಿನ ನಕ್ಷೆ ಎರಕ ಹೊಯ್ದಿದ್ದ ಮ್ಯಾನ್‌ಹೋಲ್ ಮುಚ್ಚಳಗಳು ಕೂಡ ವಿದೇಶದ ಹರಾಜು ಕಟ್ಟೆ ಹತ್ತಿದವು. ಅಮೆರಿಕದ ಟಿವಿ ತಾರೆ ಕೋರ್ಟ್ನಿ ಕಾರ್ಡಾಶಿಯನ್ ಮನೆಯ ಊಟದ ಮೇಜಿನ ಸುತ್ತ ನಮ್ಮ ಸರ್ಕಾರಿ ಕುರ್ಚಿಗಳು ಸಾಲುಗಟ್ಟಿದವು.

ವರ್ತಕರು ಇವಕ್ಕೆ ನಾಮಕರಣವನ್ನೂ ಮಾಡಿದರು. ಪ್ರಸಿದ್ಧ ಆಫೀಸ್ ಕುರ್ಚಿಯ ಹೆಸರು ‘ಪಿಜೆ-ಎಸ್‌ಐ-28-ಎ’. ಎಸ್‌ಐ ಎಂದರೆ ಸಬ್ ಇನ್‌ಸ್ಪೆಕ್ಟರ್ ಅಲ್ಲ, ಫ್ರೆಂಚಿನ ‘ಸಿಯೇಜ್’, ಅಂದರೆ ಆಸನ. ಪಿಜೆ ಎಂದರೆ ಪಿಯರ್ ಜೀನರೆ. ಈ ಎರಡಕ್ಷರದಲ್ಲೇ ಇನ್ನೊಂದು ತಮಾಷೆ ಅಡಗಿದೆ. 1928ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ವಿನ್ಯಾಸಗಾರ್ತಿ ಶಾರ್ಲೊತ್ ಪೆರಿಯಾಂ, ಜೀನರೆ, ಲ ಕಾರ್ಬೂಸಿಯೆ ಮೂವರೂ ಸೇರಿ ಮಾಡಿದ ಉಕ್ಕಿನ ಕೊಳವೆಯ ಕುರ್ಚಿಗಳು ದಶಕಗಳ ಕಾಲ ‘ಎಲ್‌ಸಿ’, ಅಂದರೆ ಲ ಕಾರ್ಬೂಸಿಯೆ, ಎಂಬ ಮುದ್ರೆಯಲ್ಲೇ ಮಾರಾಟವಾದವು. ಅಲ್ಲಿ ದಾಯಾದಿಯ ಹೆಸರು ಜೀನರೆಯನ್ನು ನುಂಗಿತು. ಚಂಡೀಗಢಕ್ಕೆ ಬಂದರೆ ಯೂಲಿ ಚೌಧರಿ ಮುಂತಾದ ಭಾರತೀಯ ವಾಸ್ತುಶಿಲ್ಪಿಗಳೂ ಪೀಠೋಪಕರಣ ಬರೆದಿದ್ದರು, ಲೆಕ್ಕವಿಲ್ಲದಷ್ಟು ಬಡಗಿಗಳು ಮಾಡಿದ್ದರು. ಮಾರುಕಟ್ಟೆಯಲ್ಲಿ ಎಲ್ಲವನ್ನೂ ‘ಪಿಜೆ’ ನುಂಗಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಸರ್ಕಾರಕ್ಕೆ ಎಚ್ಚರವಾದಾಗ ವಿದೇಶದ ಹರಾಜು ನಿಲ್ಲಿಸಿ ಎಂದು ಕೇಳಲಾಯಿತು. ನಿಲ್ಲಲಿಲ್ಲ, ಮಾರಿದ್ದು ನೀವೇ, ರಸೀದಿ ನಿಮ್ಮದೇ. ಕಾನೂನಿನ ಮೊರೆ ಹೋಗೋಣವೆಂದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಗೆ ವಸ್ತುವೊಂದು ಪ್ರಾಚ್ಯವೆನಿಸಲು ನೂರು ವರ್ಷ ತುಂಬಬೇಕು. 1955ರ ಕುರ್ಚಿ 2055ರವರೆಗೆ ಬರೀ ಫರ್ನಿಚರ್. ಅದೇ ಕಾಯ್ದೆಯಲ್ಲಿ ಒಂದು ಪಕ್ಕದ ಬಾಗಿಲಿತ್ತು: ಕರ್ತೃ ಬದುಕಿಲ್ಲದಿದ್ದರೆ ನೂರು ತುಂಬದ ಕಲಾಕೃತಿಯನ್ನೂ ಕೇಂದ್ರ ಸರ್ಕಾರ ‘ಕಲಾನಿಧಿ’ ಎಂದು ಘೋಷಿಸಬಹುದು. ಜೀನರೆ 1967ರಲ್ಲೇ ತೀರಿಹೋಗಿ ತಮ್ಮ ಪಾಲಿನ ಷರತ್ತನ್ನು ಪೂರೈಸಿದ್ದರು. ಆದರೆ ಗುಮಾಸ್ತ ಕೂರುವ ಕುರ್ಚಿಯನ್ನು ಕಲಾಕೃತಿ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬೇಕಾದವರು ಆ ಕುರ್ಚಿಯ ಮೇಲೇ ಕೂತಿದ್ದರಲ್ಲ, ಹೇಗೆ ಕಾಣಬೇಕು?

ಕೊನೆಗೆ 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿ ಮಾರಾಟ, ಹರಾಜು ನಿಲ್ಲಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು. ಉಳಿದದ್ದನ್ನು ಎಣಿಸಿದಾಗ ಪಾರಂಪರಿಕ ವಸ್ತುಗಳು 12,793. ಎಣಿಕೆಯೂ ಸಲೀಸಲ್ಲ. ಚಂಡೀಗಢ ಪಂಜಾಬಿಗೂ ರಾಜಧಾನಿ, ಹರಿಯಾಣಕ್ಕೂ ರಾಜಧಾನಿ, ತಾನೇ ಒಂದು ಕೇಂದ್ರಾಡಳಿತ ಪ್ರದೇಶ. ಹೈಕೋರ್ಟು ಬೇರೆ, ಯೂನಿವರ್ಸಿಟಿ ಬೇರೆ. ಒಂದೇ ಸೆಕ್ರೆಟರಿಯೇಟಿನ ಒಂದೇ ಕಾರಿಡಾರಿನಲ್ಲಿ ಕುರ್ಚಿಯನ್ನು ಹತ್ತು ಹೆಜ್ಜೆ ತಳ್ಳಿದರೆ ರಾಜ್ಯ ಬದಲಾಗಬಹುದು.

ಅಸಲಿ ಸಿಗದಾದಾಗ ನಕಲಿಗೆ ಸುಗ್ಗಿ. ಇಲ್ಲಿ ನಕಲಿ ಹಿಡಿಯುವುದು ವಾಚು, ಬ್ಯಾಗಿನಷ್ಟು ಸುಲಭವಲ್ಲ. ಅಸಲಿಯನ್ನೇ ಬೇರೆಬೇರೆ ಬಡಗಿಗಳು ಬೇರೆಬೇರೆ ವರ್ಷ ಕೈಯಲ್ಲಿ ಕೆತ್ತಿದ್ದು. ಒಂದರ ಅಳತೆ ಇನ್ನೊಂದಕ್ಕಿಲ್ಲ. ನಾಲ್ಕು ಕುರ್ಚಿ ಅಳೆದು ನಾಲ್ಕೂ ಮಿಲಿಮೀಟರ್ ತಪ್ಪದೆ ಕೂಡಿಬಂದರೆ ಅನುಮಾನ ಪಡಬೇಕು. ಹಳೆ ಮನೆಯ ತೊಲೆಯಿಂದ ಮಾಡಿದ ನಕಲಿಯಲ್ಲಿ ಮರವೂ ಹಳೆಯದೇ ಇರುತ್ತದೆ. ಆಗ ತೂತಿನ ಒಳಗೆ ನೋಡಬೇಕು: ಹಲವು ಸಲ ಬೆತ್ತ ಬದಲಾದ ಕುರ್ಚಿಯಲ್ಲಿ ತೂತಿನ ಬಾಯಿ ಸವೆದು ನುಣುಪಾಗಿರುತ್ತದೆ. ಬಿಳಿ ಅಕ್ಷರ ಬಿರುಕಿನ ಒಳಕ್ಕೂ ಇಳಿದಿದ್ದರೆ ಬಿರುಕು ಮೊದಲು, ಅಕ್ಷರ ಆಮೇಲೆ. ಆ ಅಕ್ಷರ ಬರೆದದ್ದು ಸ್ಟೋರ್ ಕೀಪರೋ ವರ್ತಕನೋ ಎಂದು ಯೋಚಿಸಲು ಕಾರಣವಾಯಿತು. ಸರ್ಕಾರಿ ನಂಬರನ್ನು ಕಳ್ಳರು ಅಳಿಸುವುದು ಲೋಕರೂಢಿ. ಕಳ್ಳರೇ ಬರೆಯುವುದು ಈ ಕುರ್ಚಿಯ ಹೆಚ್ಚುಗಾರಿಕೆ.

ಮುಚ್ಚುಮರೆಯಿಲ್ಲದೆ ಹೊಸದಾಗಿ ಮಾಡುವವರೂ ಇದ್ದಾರೆ. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಪೀಠೋಪಕರಣ ಸಂಸ್ಥೆ ಚಂಡೀಗಢದ ನಮೂನೆಗಳನ್ನು ತೇಗದಲ್ಲಿ, ಕೈಹೆಣಿಗೆಯ ಬೆತ್ತದಲ್ಲಿ ಮಾಡುತ್ತದೆ. ಅಗ್ಗದ ಆನ್‌ಲೈನ್ ಅವತಾರ ಕೊಳ್ಳುವವರು ಆಸನದ ಅಂಚನ್ನು ಮುಟ್ಟಿ ನೋಡಲಿ. ಸುತ್ತ ತೂತುಗಳಿಲ್ಲದೆ ಮರದಲ್ಲಿ ಉದ್ದಕ್ಕೆ ಕೊರೆದ ಒಂದು ಗೀರುಕಾಲುವೆ, ಅದರೊಳಗೆ ತುರುಕಿದ ಪಟ್ಟಿ ಕಂಡರೆ ಅದು ಯಂತ್ರದಲ್ಲಿ ನೇಯ್ದ ಹಾಳೆ, ಅಂಟಿನ ದಯೆಯಲ್ಲಿ ನಿಂತದ್ದು. ಅಂಟು ಬಿಟ್ಟರೆ ಒಂದೆಳೆ ಬದಲಿಸುವ ಮಾತಿಲ್ಲ, ಇಡೀ ಹಾಳೆಯೇ ಹೊಸದು.

ಚಂಡೀಗಢದಲ್ಲಿ ಈಗ ಕುರ್ಚಿ ಮಾರುವಂತಿಲ್ಲ, ಎಸೆಯುವಂತಿಲ್ಲ. ಕಾಣೆಯಾದರೆ ಜವಾಬ್ದಾರಿ ಯಾರ ತಲೆಗೆ ಬರುತ್ತದೋ ಆ ಅಧಿಕಾರಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಕೂತರೆ ಬೆತ್ತ ಹರಿದೀತು, ರಿಪೇರಿ ಮಾಡಿಸಿದರೆ ಪರಂಪರೆ ಕೆಟ್ಟೀತು. ಕ್ಷೇಮದ ದಾರಿ ಒಂದೇ: ಕೋಣೆಗೆ ಹಾಕಿ ಬೀಗ, ಬಾಗಿಲ ಹೊರಗೆ ಕಾವಲುಗಾರ. ಅವನು ಕೂತಿರುವುದು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅದರ ಬೆನ್ನಿನ ಮೇಲೂ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರು, ನಂಬರು ಬರೆಸಿಯಾಗಿದೆ.